ಪದಕಕ್ಕೆ ಮೊದಲು ಸಾಕ್ಷಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಗಣರಾಜ್ಯೋತ್ಸವದ ಹೊತ್ತಿಗೆ ಪದ್ಮ ಪ್ರಶಸ್ತಿಗಳ ಪಟ್ಟಿಯೂ ಶೌರ್ಯ ಪದಕಗಳ ಪಟ್ಟಿಯೂ ಹೊರಬಿದ್ದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಸಂತೋಷ ಹಂಚಿಕೊಳ್ಳುವವರಿದ್ದಾರೆ, ಅನುಮಾನ ಕೇಳುವವರಿದ್ದಾರೆ, 'ಅವರಿಗೇಕೆ ಬರಲಿಲ್ಲ' ಎಂದು ನೊಂದು ಬರೆಯುವವರೂ ಇದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಮದುವೆಗೆ ಹಿರಿಯ ಸಂಗೀತಗಾರರೊಬ್ಬರು ಬರಲು ಒಪ್ಪಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ 'ಪದ್ಮಶ್ರೀ' ಎಂದು ಅಚ್ಚು ಹಾಕಿಸಿದೆವು. ವಕೀಲರಾದ ನಮ್ಮ ಭಾವನವರು ಹಾಗೆ ಹಾಕುವಂತಿಲ್ಲ ಎಂದು ಆಕ್ಷೇಪಿಸಿದರು. ಗೌರವಕ್ಕೆಂದು ಬರೆದದ್ದು ತಪ್ಪು ಹೇಗಾಗುತ್ತದೆ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಭಾವನವರ ಮಾತು ಸರಿಯಾಗಿದೆ. ಸಂವಿಧಾನದ 18ನೆಯ ವಿಧಿಯು, ಸೈನಿಕ ಅಥವಾ ವಿದ್ಯಾವಿಷಯಕ ಗೌರವಗಳನ್ನು ಬಿಟ್ಟರೆ ಬೇರೆ ಯಾವ ಬಿರುದನ್ನೂ ಸರ್ಕಾರ ಕೊಡಕೂಡದು ಎನ್ನುತ್ತದೆ. ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಮುಂತಾದ ಬಿರುದುಗಳನ್ನು ಹಂಚಿ ತಮಗೆ ಬೇಕಾದವರ ಒಂದು ವರ್ಗವನ್ನೇ ಕಟ್ಟಿಕೊಂಡಿದ್ದ ಬ್ರಿಟಿಷರ ಪದ್ಧತಿಯನ್ನು ಕಣ್ಣಾರೆ ಕಂಡಿದ್ದ ನಮ್ಮ ಹಿರಿಯರು, ಈ ನಿಷೇಧವನ್ನು ಸಮಾನತೆಯ ಹಕ್ಕಿನ ಭಾಗವನ್ನಾಗಿಯೇ ಇಟ್ಟರು. 1954ರ ಜನವರಿ 2ರಂದು ಭಾರತ ರತ್ನವೂ ಪದ್ಮ ಪ್ರಶಸ್ತಿಗಳೂ ಆರಂಭವಾದಾಗ, ಹಾಗಾದರೆ ಇವೂ ಬಿರುದುಗಳೇ ಅಲ್ಲವೇ ಎಂಬ ಪ್ರಶ್ನೆ ಹುಟ್ಟುವುದು ಸಹಜವಾಗಿತ್ತು. ಜನತಾ ಸರ್ಕಾರ 1977ರಲ್ಲಿ ಇವುಗಳನ್ನು ನಿಲ್ಲಿಸಿಯೇಬಿಟ್ಟಿತು. 1980ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂದವು. ಮುಂದೆ ಕೇರಳ ಮತ್ತು ಮಧ್ಯಪ್ರದೇಶದ ಹೈಕೋರ್ಟುಗಳಲ್ಲಿ ದಾವೆಗಳು ಹೂಡಲ್ಪಟ್ಟು, ವಿಷಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 1995ರ ಡಿಸೆಂಬರ್ 15ರಂದು ಬಾಲಾಜಿ ರಾಘವನ್ ಪ್ರಕರಣದಲ್ಲಿ ಪೀಠವು, ಇವು ಸಾಧನೆಯನ್ನು ಗುರುತಿಸುವ ಪ್ರಶಸ್ತಿಗಳೇ ಹೊರತು ಬಿರುದುಗಳಲ್ಲ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ತೀರ್ಪಿತ್ತಿತು. ಆದರೆ ಅದೇ ತೀರ್ಪಿನಲ್ಲಿ, ಪಡೆದವರು ಇವನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿಕೊಳ್ಳಬಾರದು, ಸೇರಿಸಿಕೊಂಡರೆ ಪ್ರಶಸ್ತಿಯನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿತು.

ನೀವು ಮಾಡಿದ್ದು ಪ್ರೀತಿಯಿಂದ ಎಂಬುದನ್ನು ಬಲ್ಲೆ. ಆದರೆ ನಿಮ್ಮ ಅಚ್ಚಿನ ತಪ್ಪು ಆ ಹಿರಿಯರ ಹೆಸರಿಗೆ ಅಂಟಿಕೊಳ್ಳಬಾರದಲ್ಲವೇ. ಹೆಸರನ್ನು ಹೆಸರಾಗಿಯೇ ಅಚ್ಚು ಹಾಕಿಸಿ. 'ಇವರು ಇಂಥ ವರ್ಷ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದವರು' ಎಂಬ ಮಾಹಿತಿಯನ್ನು ಕೆಳಗೆ ಬೇರೆ ವಾಕ್ಯವಾಗಿ ಕೊಡಿ. ವಿಶ್ವೇಶ್ವರಯ್ಯನವರನ್ನು ನಾವು ಇಂದಿಗೂ 'ಸರ್ ಎಂ.ವಿ.' ಎನ್ನುತ್ತೇವೆ. ಆ 'ಸರ್' 1915ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಕೊಟ್ಟ ಬಿರುದು; ಹೆಸರಿಗೆ ಅಂಟಿಸುವುದಕ್ಕೆಂದೇ ಕೊಟ್ಟದ್ದು. 1955ರಲ್ಲಿ ಗಣರಾಜ್ಯ ಅವರಿಗೆ ಕೊಟ್ಟ ಭಾರತ ರತ್ನ ಅದಕ್ಕಿಂತ ದೊಡ್ಡದು. ಅದನ್ನು ಹೆಸರಿಗೆ ಹೊಲಿಯುವಂತಿಲ್ಲ. ಸೈನಿಕರ ವಿಷಯ ಮಾತ್ರ ಬೇರೆ. 18ನೆಯ ವಿಧಿಯೇ ಸೈನಿಕ ಗೌರವಗಳನ್ನು ಹೊರಗಿಟ್ಟಿರುವುದರಿಂದ ಪರಮವೀರ ಚಕ್ರ ಪಡೆದವರ ಹೆಸರಿನ ಕೊನೆಯಲ್ಲಿ 'ಪಿವಿಸಿ' ಎಂಬ ಅಕ್ಷರಗಳನ್ನು ಬಳಸುವುದು ಕ್ರಮಬದ್ಧವೇ ಆಗಿದೆ.

ಪ್ರಶ್ನೆ: ಪರಮವೀರ ಚಕ್ರಕ್ಕೂ ಅಶೋಕ ಚಕ್ರಕ್ಕೂ ಏನು ವ್ಯತ್ಯಾಸ? (ಪದವಿಪೂರ್ವ ವಿದ್ಯಾರ್ಥಿ, ಕೊಪ್ಪಳ)

ಉತ್ತರ: ಶತ್ರುಸೇನೆಯ ಎದುರಿನಲ್ಲಿ ತೋರಿದ ಶೌರ್ಯಕ್ಕೆ ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳು, ಯುದ್ಧಭೂಮಿಯಲ್ಲದ ಕಡೆ ತೋರಿದ ಶೌರ್ಯಕ್ಕೆ ಅಶೋಕ, ಕೀರ್ತಿ ಮತ್ತು ಶೌರ್ಯ ಚಕ್ರಗಳು. ಮೊದಲಿನ ಮೂರು 1950ರ ಜನವರಿ 26ರಂದು ಸ್ಥಾಪನೆಯಾದವು. ಎರಡನೆಯ ಸಾಲು 1952ರಲ್ಲಿ ಅಶೋಕ ಚಕ್ರದ ಮೂರು ದರ್ಜೆಗಳಾಗಿ ಹುಟ್ಟಿ, 1967ರಲ್ಲಿ ಈಗಿನ ಹೆಸರುಗಳನ್ನು ಪಡೆಯಿತು. ಎರಡೂ ಸಾಲುಗಳು 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಜಾರಿಯಾದವು. ಹೊಸ ದೇಶದ ಮೊದಲ ದಿನದಿಂದಲೇ ಬಿದ್ದವರ ಲೆಕ್ಕ ತಪ್ಪಬಾರದು ಎಂಬ ಕಾಳಜಿ ಅದರಲ್ಲಿದೆ.

ಅಶೋಕ ಚಕ್ರದ ಸಾಲು ನಾಗರಿಕರಿಗೂ ತೆರೆದಿದೆ. 1986ರಲ್ಲಿ ಕರಾಚಿಯಲ್ಲಿ ಅಪಹರಣಕ್ಕೊಳಗಾದ ವಿಮಾನದ ಪ್ರಯಾಣಿಕರನ್ನು ಕಾಪಾಡುತ್ತ ಮಡಿದ ಗಗನಸಖಿ ನೀರಜಾ ಭನೋಟ್, 2001ರಲ್ಲಿ ಸಂಸತ್ತಿನ ಬಾಗಿಲಲ್ಲಿ ಉಗ್ರರನ್ನು ಕಂಡು ಎಚ್ಚರಿಕೆ ಕೂಗಿದ ಸಿಆರ್‌ಪಿಎಫ್‌ನ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ, ಇಬ್ಬರಿಗೂ ಮರಣೋತ್ತರವಾಗಿ ಅಶೋಕ ಚಕ್ರವೇ ಸಂದಿತು. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಮತ್ತು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ದೊರೆತದ್ದೂ ಇದೇ. ಶೌರ್ಯ ಪ್ರಶಸ್ತಿಗಳ ಹಿರಿತನದ ಕ್ರಮದಲ್ಲಿ ಪರಮವೀರ ಚಕ್ರ ಮೊದಲು, ಅದರ ಬೆನ್ನಿಗೇ ಅಶೋಕ ಚಕ್ರ, ಆಮೇಲೆ ಮಹಾವೀರ ಚಕ್ರ ಬರುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಉಳಿದದ್ದನ್ನು ಮುಂದಿನ ಉತ್ತರದಲ್ಲಿ ಓದಿಕೊಳ್ಳಿ.

ಪ್ರಶ್ನೆ: ನಾನು ಸೇನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿದವನು. ಒಂದೇ ಕಾರ್ಯಾಚರಣೆಯಲ್ಲಿ ಸಮಾನವಾಗಿ ಹೋರಾಡಿದ ಇಬ್ಬರಲ್ಲಿ ಒಬ್ಬನಿಗೆ ಪದಕ ಬಂದು ಇನ್ನೊಬ್ಬನಿಗೆ ಏನೂ ಬಾರದಿರುವುದನ್ನು ಕಂಡಿದ್ದೇನೆ. ಇದನ್ನು ನಿರ್ಧರಿಸುವವರು ಯಾರು? ತಡವಾಗಿಯಾದರೂ ನ್ಯಾಯ ಸಿಗುವುದುಂಟೇ? (ನಿವೃತ್ತ ಹವಾಲ್ದಾರರು, ಬೆಳಗಾವಿ)

ಉತ್ತರ: ಮಾನ್ಯರೇ, ಈ ಪ್ರಶ್ನೆಗೆ ನಾನು ಉಳಿದವುಗಳಿಗಿಂತ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಶೌರ್ಯ ಪ್ರಶಸ್ತಿಗಳ ಜೀವಾಳವೇ ಇದರಲ್ಲಿದೆ.

ಮೊದಲ ಕಾಗದ ಹುಟ್ಟುವುದು ಘಟಕದಲ್ಲಿ. ಕಮಾಂಡಿಂಗ್ ಅಧಿಕಾರಿ ಶಿಫಾರಸು ಬರೆಯುತ್ತಾರೆ. ಕಣ್ಣಾರೆ ಕಂಡವರ ಹೇಳಿಕೆಗಳನ್ನು ಅದರೊಡನೆ ಲಗತ್ತಿಸುತ್ತಾರೆ. ಅದು ಬ್ರಿಗೇಡ್, ಡಿವಿಷನ್, ಕಮಾಂಡ್ ಹೀಗೆ ಮೆಟ್ಟಿಲು ಹತ್ತಿ ಸೇನಾ ಪ್ರಧಾನ ಕಚೇರಿಗೂ ಅಲ್ಲಿಂದ ರಕ್ಷಣಾ ಸಚಿವಾಲಯದ ಸಮಿತಿಗೂ ಹೋಗಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಗಣರಾಜ್ಯೋತ್ಸವ ಅಥವಾ ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಪ್ರಕಟವಾಗುತ್ತದೆ. ಪ್ರತಿ ಮೆಟ್ಟಿಲಿನಲ್ಲಿಯೂ ಪದಕದ ದರ್ಜೆ ಏರಬಹುದು, ಇಳಿಯಬಹುದು, ಕಡತ ಅಲ್ಲಿಗೇ ನಿಲ್ಲಲೂಬಹುದು. ಮೇಲೆ ಕುಳಿತವರ ಮುಂದೆ ಗುಡ್ಡವಿಲ್ಲ, ಹಿಮವಿಲ್ಲ, ಗುಂಡಿನ ಸದ್ದಿಲ್ಲ. ಇರುವುದು ಕೆಳಗಿನವರು ಬರೆದು ಕಳಿಸಿದ ಪುಟಗಳು ಮಾತ್ರ. ನೋಡಿದವರೂ ಮಡಿದಿದ್ದರೆ, ಅಥವಾ ಬದುಕಿದವರಿಗೆ ಬರೆಯಲು ಬಾರದಿದ್ದರೆ, ಎಂಥ ಸಾಹಸವೂ ಆ ಗುಡ್ಡದ ಮೇಲೆಯೇ ಉಳಿದುಬಿಡುತ್ತದೆ. ನೀವು ಕಂಡ ಆ ಇಬ್ಬರ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದೇ ಆಗಿರಬೇಕು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಕಥೆಯನ್ನು ನೆನೆಯದೆ ಈ ಮಾತನ್ನು ಮುಂದುವರಿಸಲು ನನಗೆ ಮನಸ್ಸಾಗುವುದಿಲ್ಲ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ನಮ್ಮ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ತಂಡದ ಕಾಯ್ದಿರಿಸಿದ ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದುಳಿಯಿತು, ಅವರು ಆ ಜಾಗ ತುಂಬಿ ಹೋದರು, ಮರಳಿ ಬರಲಿಲ್ಲ. ಏನಾಯಿತೆಂದು ಹೇಳಲು ಜೊತೆಯಲ್ಲಿ ಹೋದವರಿಗೆ ಗೊತ್ತಿರಲಿಲ್ಲ. ಕಡತದಲ್ಲಿ 'ಕಾಣೆಯಾದವರು' ಎಂದು ದಾಖಲಾಗಿ, ಕಡೆಗೆ ಮೃತಪಟ್ಟಿರಬೇಕೆಂದು ಭಾವಿಸಲಾಯಿತು.

ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಆ ಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ವಿವರಿಸಿದ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕ ಹೊರಬಂತು. ಅಂದು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಮಿಸ್ಟೇರ್ ಒಂದನ್ನು ಬೆನ್ನಟ್ಟಿತ್ತು. ಪೆಟ್ಟು ತಿಂದಿದ್ದರೂ ಆ ಮಿಸ್ಟೇರ್ ತಿರುಗಿ ನಿಂತು, ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲ ಆ ವಿಮಾನವನ್ನೇ ಕೆಡವಿತ್ತು. ಅದರ ಪೈಲಟ್ ಹೊರಜಿಗಿದು ಬದುಕಿಕೊಂಡಿದ್ದ. ಮರಳಿ ಬಾರದ ಆ ಮಿಸ್ಟೇರಿನಲ್ಲಿ ಇದ್ದವರು ಯಾರೆಂದು ಇತ್ತ ಲೆಕ್ಕ ಹಾಕಿದಾಗ ಸಿಕ್ಕ ಹೆಸರು ದೇವಯ್ಯನವರದು. ಜೊತೆಗಾರರ ಕಣ್ಣಿಗೆ ಬೀಳದ ಶೌರ್ಯಕ್ಕೆ ಕೊನೆಗೂ ಸಾಕ್ಷಿ ದೊರೆತದ್ದು ಎದುರಾಳಿಯ ಕಡೆಯಿಂದ. 1988ರಲ್ಲಿ, ಘಟನೆ ನಡೆದು 23 ವರ್ಷಗಳಾದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಹೀಗೆ ತಡವಾಗಿ ನ್ಯಾಯ ಸಿಕ್ಕದ್ದುಂಟು. ಆದರೆ ಅದಕ್ಕೆ ಒಬ್ಬ ಲೇಖಕನ ಕುತೂಹಲವೂ, ಹಳೆಯ ಜೊತೆಗಾರರ ಪಟ್ಟುಬಿಡದ ಓಡಾಟವೂ ಕೂಡಿಬರಬೇಕಾಯಿತು. ಎಷ್ಟು ಜನರ ಪಾಲಿಗೆ ಅದು ಕೂಡಿಬಂದೀತು ಎಂದು ಯೋಚಿಸಿದಾಗ ನನಗೂ ನಿಮ್ಮಷ್ಟೇ ಸಂಕಟವಾಗುತ್ತದೆ.

ಕಾಗದದ ಮೇಲಿನ ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. ಕಾರ್ಗಿಲ್ ಯುದ್ಧದ ವೇಳೆ, 1999ರ ಜುಲೈ 3ರ ರಾತ್ರಿ ಟೈಗರ್ ಹಿಲ್‌ನ ಕಡಿದಾದ ಬಂಡೆಯನ್ನು ಹತ್ತಿದ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ ಹತ್ತೊಂಬತ್ತು ವರ್ಷ. ಮೈತುಂಬ ಗುಂಡು ಹೊಕ್ಕಿದ್ದರೂ ಶತ್ರುವಿನ ಬಂಕರ್ ಕಡೆಗೆ ತೆವಳಿ ಹೋದ ಆ ಹುಡುಗನಿಗೆ ಪರಮವೀರ ಚಕ್ರವನ್ನು 'ಮರಣೋತ್ತರ' ಎಂದು ಘೋಷಿಸಲಾಯಿತು. ಅದೇ ಪಲ್ಟನ್ನಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಯೋಧ ಹುತಾತ್ಮನಾಗಿದ್ದುದರಿಂದ ಈ ಗೊಂದಲವಾಗಿತ್ತು. ಇವರು ಆಸ್ಪತ್ರೆಯಲ್ಲಿ ಬದುಕಿದ್ದರು. ಈವರೆಗೆ ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಸಂದದ್ದು ಮರಣೋತ್ತರವಾಗಿಯೇ ಎಂಬುದನ್ನು ನೆನೆದರೆ, ಆ ಒಂದು ಪದ ಎಷ್ಟು ಸುಲಭವಾಗಿ ಸೇರಿಕೊಂಡಿರಬಹುದು ಎಂಬುದು ತಿಳಿಯುತ್ತದೆ.

ನಿಮ್ಮ ಜೊತೆಗಾರರ ವಿಷಯದಲ್ಲಿ ನಾನು ಹೇಳಬಹುದಾದದ್ದು ಇಷ್ಟು. ನೀವು ಕಂಡದ್ದನ್ನು ದಿನಾಂಕ, ಜಾಗ, ಜೊತೆಯಲ್ಲಿದ್ದವರ ಹೆಸರುಗಳ ಸಹಿತ ಬರೆದು, ಸಹಿ ಮಾಡಿ, ನಿಮ್ಮ ರೆಜಿಮೆಂಟಿನ ಕೇಂದ್ರಕ್ಕೆ ಕಳಿಸಿ. ಒಂದು ಪ್ರತಿಯನ್ನು ಅವರ ಮನೆಯವರಿಗೂ ಕೊಡಿ. ಪದಕ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಅವರ ಮಕ್ಕಳ ಕೈಯಲ್ಲಿ ಆ ಕಾಗದ ಇರುವುದಕ್ಕೂ ಇಲ್ಲದಿರುವುದಕ್ಕೂ ಅಂತರವಿದೆ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಪ್ರಶ್ನೆ: ಪ್ರಶಸ್ತಿಗಳ ಜೊತೆ ಹಣ ಬರುತ್ತದೆಯೇ? ಮಡಿದ ಯೋಧನ ಪತ್ನಿ ಮರುಮದುವೆಯಾದರೆ ಅದು ನಿಂತುಹೋಗುತ್ತದೆ ಎನ್ನುತ್ತಾರೆ, ನಿಜವೇ? (ಓದುಗಿ, ಗದಗ)

ಉತ್ತರ: ಭಾರತ ರತ್ನಕ್ಕಾಗಲಿ ಪದ್ಮ ಪ್ರಶಸ್ತಿಗಳಿಗಾಗಲಿ ಹಣವಿಲ್ಲ. ರಾಷ್ಟ್ರಪತಿಗಳ ಸಹಿಯುಳ್ಳ ಸನ್ನದು ಮತ್ತು ಪದಕವನ್ನು ಕೊಡುತ್ತಾರೆ, ಹೆಸರು ರಾಜಪತ್ರದಲ್ಲಿ ಪ್ರಕಟವಾಗುತ್ತದೆ, ಅಷ್ಟೇ. ಪದ್ಮ ಪ್ರಶಸ್ತಿ ಬಂದರೆ ರೈಲು ಪ್ರಯಾಣ ಉಚಿತ ಎಂಬ ಮಾತು ಹಳ್ಳಿಗಳಲ್ಲಿ ಹರಡಿದೆ, ಅದು ನಿಜವಲ್ಲ.

ಶೌರ್ಯ ಪ್ರಶಸ್ತಿಗಳಿಗೆ ಮಾಸಿಕ ಭತ್ಯೆ ಇದೆ. 2017ರ ಆಗಸ್ಟ್‌ನಿಂದ ಅದನ್ನು ಇಮ್ಮಡಿಗೊಳಿಸಿದಾಗ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ಅಶೋಕ ಚಕ್ರಕ್ಕೆ 12,000, ಮಹಾವೀರ ಚಕ್ರಕ್ಕೆ 10,000, ಕೀರ್ತಿ ಚಕ್ರಕ್ಕೆ 9,000, ವೀರ ಚಕ್ರಕ್ಕೆ 7,000, ಶೌರ್ಯ ಚಕ್ರಕ್ಕೆ 6,000 ಎಂದು ನಿಗದಿಯಾಯಿತು. ರಾಜ್ಯ ಸರ್ಕಾರಗಳು ತಮ್ಮ ಪಾಲಿನ ನೆರವನ್ನು ಬೇರೆಯಾಗಿ ಕೊಡುತ್ತವೆ. ನಮ್ಮಲ್ಲಿ ಅದರ ವಿವರ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ.

ಮರುಮದುವೆಯ ಕುರಿತು ನೀವು ಕೇಳಿರುವುದು ಹಳೆಯ ನಿಯಮ. ಪತ್ನಿ ಮರುಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು. ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ದೇಶಕ್ಕಾಗಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ, ನೀನು ಮೈದುನನನ್ನೇ ಆರಿಸಿಕೊಂಡರೆ ಗೌರವ ಉಳಿಯುತ್ತದೆ ಎಂದು ಸರ್ಕಾರಿ ಆದೇಶವೊಂದು ಹೇಳುತ್ತಿತ್ತು ಎಂಬುದನ್ನು ಓದಿದಾಗ ನನಗೆ ತಲೆ ತಗ್ಗಿಸುವಂತಾಯಿತು. 2017ರ ನವೆಂಬರ್‌ನಲ್ಲಿ ಆ ಷರತ್ತನ್ನು ತೆಗೆದುಹಾಕಲಾಗಿದೆ. ಈಗ ಆಕೆಯ ಬದುಕಿನ ಆಯ್ಕೆ ಏನೇ ಇರಲಿ, ಭತ್ಯೆ ಜೀವನಪರ್ಯಂತ ಆಕೆಗೆ ಸಲ್ಲುತ್ತದೆ. ನಿಮ್ಮ ಪರಿಚಯದಲ್ಲಿ ಯಾರಿಗಾದರೂ ಹಳೆಯ ಕಾರಣ ಹೇಳಿ ಭತ್ಯೆ ನಿಲ್ಲಿಸಿದ್ದರೆ ದಯವಿಟ್ಟು ಇದನ್ನು ಅವರಿಗೆ ತಿಳಿಸಿ.

ಪ್ರಶ್ನೆ: ಪದಕ, ರಿಬ್ಬನ್, ಪಥಸಂಚಲನ ಇವೆಲ್ಲ ಬ್ರಿಟಿಷರಿಂದ ಬಂದ ಎರವಲು ಅಲ್ಲವೇ? ನಮ್ಮದೇ ಆದ ಪರಂಪರೆ ಇದರಲ್ಲಿ ಏನಿದೆ? (ಇತಿಹಾಸದ ಅಧ್ಯಾಪಕರು, ಶಿವಮೊಗ್ಗ)

ಉತ್ತರ: ಎದೆಯ ಮೇಲೆ ಲೋಹದ ಪದಕ ತೂಗುಹಾಕುವ ರೂಪ ಪಶ್ಚಿಮದ್ದು, ಒಪ್ಪುತ್ತೇನೆ. ಆದರೆ ಪರಾಕ್ರಮವನ್ನು ರಾಜ್ಯ ಗುರುತಿಸಿ, ಬರೆದಿಟ್ಟು, ಪ್ರತಿಫಲ ಕೊಡುವ ಕ್ರಮ ನಮ್ಮ ಭಾಷೆಯಷ್ಟೇ ಹಳೆಯದು. ಇದು ಅಲಂಕಾರದ ಮಾತಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ತಾವು ಪಾಠ ಮಾಡಿಯೇ ಇರುತ್ತೀರಿ. ಅದರ ವಿಷಯವೇನು? ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ, ಎಂದರೆ ಕತ್ತಿ ತೊಳೆದ ದತ್ತಿಯಾಗಿ ಕೊಟ್ಟದ್ದು. ರಕ್ತ ಹತ್ತಿದ ಕತ್ತಿಯನ್ನು ತೊಳೆಯುವ ಹೊತ್ತಿನಲ್ಲಿ ಕೊಡುವ ಗೌರವಕ್ಕೆ ಅಂದೇ ಒಂದು ಹೆಸರಿತ್ತು. ಆ ಶಾಸನದಲ್ಲಿ 'ವೀರಪುರುಷ ಸಮಕ್ಷದೆ' ಎಂಬ ಮಾತು ಬರುವುದನ್ನೂ ಗಮನಿಸಿ. ವೀರರ ಎದುರಿನಲ್ಲಿ ನಡೆದದ್ದು ಎಂದು ಸಾಕ್ಷಿ ಹಾಕಿಸಿಯೇ ದತ್ತಿ ಕೊಡಲಾಗಿದೆ. ಬೆಳಗಾವಿಯ ಹವಾಲ್ದಾರರಿಗೆ ಮೇಲೆ ಬರೆದ ಉತ್ತರದಲ್ಲಿ ಹೇಳಿದ ಕಣ್ಣಾರೆ ಕಂಡವರ ಹೇಳಿಕೆ ಇದೇ ತಾನೇ.

ಊರೂರಿನ ವೀರಗಲ್ಲುಗಳ ಮಾತು ಬೇಡ, ಅದು ಬೇರೊಂದು ಅಂಕಣಕ್ಕಾಗುವಷ್ಟಿದೆ. ಆತಕೂರಿನ ಹತ್ತನೆಯ ಶತಮಾನದ ಕಲ್ಲನ್ನಷ್ಟೇ ನೆನೆಯೋಣ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿದ್ದನ್ನು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಲಾಯಿತು.

ಪರಮವೀರ ಚಕ್ರದ ರೂಪವನ್ನು ಕಲ್ಪಿಸಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ, ಈ ನೆಲದ ಪುರಾಣಗಳನ್ನು ಆಳವಾಗಿ ಓದಿಕೊಂಡವರು. ಕಂಚಿನ ಆ ಪುಟ್ಟ ಬಿಲ್ಲೆಯ ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು, ಮೇಲೆ ನೇರಳೆ ಬಣ್ಣದ ರಿಬ್ಬನ್. ಲೋಕದ ಉಳಿವಿಗಾಗಿ ದಧೀಚಿ ಮಹರ್ಷಿ ತನ್ನ ಎಲುಬನ್ನೇ ಕೊಟ್ಟದ್ದರಿಂದ ಆದದ್ದು ಆ ವಜ್ರ. ಆ ಪದಕಕ್ಕೆ ಮೊದಲು ಪಾತ್ರರಾದವರು, 1947ರ ನವೆಂಬರ್ 3ರಂದು ಕಾಶ್ಮೀರದ ಬಡ್‌ಗಾಮ್‌ನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ. ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಹಟ ಹಿಡಿದು ಯುದ್ಧಕ್ಕೆ ಹೋಗಿದ್ದ ಅವರು ಸಾವಿತ್ರಿಯವರಿಗೆ ಬೀಗರ ಕಡೆಯವರು: ಅವರ ತಮ್ಮನಿಗೆ ಸಾವಿತ್ರಿಯವರ ಮಗಳನ್ನು ಕೊಡಲಾಗಿತ್ತು. ಇನ್ನೊಂದು ಮಾತನ್ನೂ ಸೇರಿಸಬೇಕು. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕರಿಗೆ ತೆರೆದದ್ದು 1911ರಲ್ಲಿ. ಪರಮವೀರ ಚಕ್ರ ಮೊದಲ ದಿನದಿಂದಲೂ ಎಲ್ಲ ದರ್ಜೆಯವರಿಗೆ, ಗಂಡಸರಿಗೂ ಹೆಂಗಸರಿಗೂ ತೆರೆದಿತ್ತು. ಲ್ಯಾನ್ಸ್ ನಾಯಕರೂ ಮೇಜರರೂ ಒಂದೇ ಪಟ್ಟಿಯಲ್ಲಿದ್ದಾರೆ. 2023ರ ಜನವರಿಯಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಅವರ ಹೆಸರಿಟ್ಟಾಗಲೂ ಅವರವರ ದರ್ಜೆ ನೋಡಲಿಲ್ಲ.

ಪ್ರಶ್ನೆ: ಪದ್ಮ ಪ್ರಶಸ್ತಿಗೆ ಈಗ ಯಾರು ಬೇಕಾದರೂ ಹೆಸರು ಸೂಚಿಸಬಹುದಂತೆ, ತಾವೇ ಅರ್ಜಿ ಹಾಕಿಕೊಳ್ಳಲೂಬಹುದಂತೆ. ನಿಜವಾದ ಸಾಧಕರು ಅರ್ಜಿ ಹಾಕುತ್ತಾರೆಯೇ? ಬೇಡಿ ಪಡೆದದ್ದು ಗೌರವವಾದೀತೇ? (ಪ್ರೌಢಶಾಲಾ ಶಿಕ್ಷಕಿ, ತುಮಕೂರು)

ಉತ್ತರ: ಹೌದು, ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ಯಾವ ನಾಗರಿಕರಾದರೂ ಹೆಸರು ಸೂಚಿಸಬಹುದು, ಸ್ವನಾಮನಿರ್ದೇಶನಕ್ಕೂ ಅವಕಾಶವಿದೆ. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಬೇಸಿಗೆ ಬರುವಾಗಲೇ ನೋಡಿಕೊಳ್ಳುವುದು ಒಳ್ಳೆಯದು. ಬಂದ ಹೆಸರುಗಳನ್ನು ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿ ಪ್ರಧಾನಿ ಮತ್ತು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತದೆ. ಮರಣೋತ್ತರ ಪ್ರಶಸ್ತಿಗಳನ್ನೂ ವಿದೇಶೀಯರು ಮತ್ತು ಅನಿವಾಸಿಗಳನ್ನೂ ಬಿಟ್ಟರೆ ವರ್ಷಕ್ಕೆ 120ಕ್ಕಿಂತ ಹೆಚ್ಚು ಕೊಡುವಂತಿಲ್ಲ. ವೈದ್ಯರು ಮತ್ತು ವಿಜ್ಞಾನಿಗಳನ್ನುಳಿದು ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಅರ್ಹತೆಯಿಲ್ಲ. ಭಾರತ ರತ್ನಕ್ಕೆ ಇಂಥ ಅರ್ಜಿಯ ಕ್ರಮವಿಲ್ಲ. ಅಲ್ಲಿ ಪ್ರಧಾನಿಯವರೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ.

ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ, ಅದರಲ್ಲಿ ಒಂದು ಸಂಸ್ಕಾರವಿದೆ. ಆದರೆ ಅದರ ಫಲವೇನಾಗುತ್ತದೆಂದು ನೋಡಿ. ನಿಮ್ಮ ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. ಕೂಲಿ ಕೆಲಸದ ನಡುವೆ ನಡುರಾತ್ರಿ ಕರೆ ಬಂದರೆ ಎದ್ದು ಹೋಗುತ್ತಿದ್ದವರು ತಾವಾಗಿ ಅರ್ಜಿ ತುಂಬುತ್ತಾರೆಯೇ? ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ವಿದೇಶಿ ಪ್ರವಾಸಿಯೊಬ್ಬರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ಪಟ್ಟ ನೋವಿನಿಂದ ತಮ್ಮೂರಿಗೆ ಶಾಲೆ ತಂದವರು. ಅವರ ಕೈಗೆ ಅರ್ಜಿ ನಮೂನೆ ಕೊಟ್ಟರೆ ಅದನ್ನೇನು ಮಾಡಿಯಾರು? ಅಂಕೋಲದ ತುಳಸಿ ಗೌಡರು ಬರಿಗಾಲಿನಲ್ಲಿ, ಹಾಲಕ್ಕಿ ಉಡುಗೆಯಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದುಹೋದ ಚಿತ್ರವನ್ನು 2021ರ ನವೆಂಬರ್‌ನಲ್ಲಿ ದೇಶವೆಲ್ಲ ನೋಡಿತು. 2019ರಲ್ಲಿ ಸಾಲುಮರದ ತಿಮ್ಮಕ್ಕನವರು ಪ್ರಶಸ್ತಿ ಪಡೆಯುವಾಗ ಶಿಷ್ಟಾಚಾರವನ್ನು ಮರೆತು ರಾಷ್ಟ್ರಪತಿಗಳ ಹಣೆ ಮುಟ್ಟಿ ಆಶೀರ್ವದಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಇಂಥವರು ಅಲ್ಲಿಯವರೆಗೆ ತಲುಪಬೇಕಾದರೆ ಬೇರೆ ಯಾರಾದರೂ ಕುಳಿತು ಬರೆಯಬೇಕು.

ಆ ಬರವಣಿಗೆಗೆ 800 ಪದಗಳ ಮಿತಿಯಿದೆ. ಒಮ್ಮೆ ಮೂಡಲಪಾಯ ಯಕ್ಷಗಾನದ ಹಿರಿಯ ಭಾಗವತರೊಬ್ಬರ ಪರವಾಗಿ ನಾನೇ ಅದನ್ನು ಬರೆಯಲು ಹೋದೆ. ಎಷ್ಟು ಆಟ ಆಡಿಸಿದ್ದೀರಿ ಎಂದು ಕೇಳಿದರೆ "ಲೆಕ್ಕ ಇಟ್ಟೋರು ಯಾರಪ್ಪ" ಎಂದು ನಕ್ಕರು. ಆಗ ಅವರ ಮನೆಯವರು ಒಳಗಿನಿಂದ ತಗಡಿನ ಟ್ರಂಕೊಂದನ್ನು ಎಳೆದು ತಂದರು. ಅದರ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದ ಆಟದ ಕರಪತ್ರಗಳಿದ್ದವು. ಅರಿಶಿನ ಬಣ್ಣಕ್ಕೆ ತಿರುಗಿ, ಮಡಿಕೆಯಲ್ಲಿ ಹರಿದು, ಕೆಲವಕ್ಕೆ ದಿನಾಂಕವಿತ್ತು, ಕೆಲವಕ್ಕೆ ತಿಥಿ ಮಾತ್ರವಿತ್ತು. ಆ ಮಹಾತಾಯಿ ಓದಲು ಬಾರದಿದ್ದರೂ ಒಂದನ್ನೂ ಎಸೆದಿರಲಿಲ್ಲ. ಮೂರು ಸಂಜೆ ಕುಳಿತು ಅವನ್ನು ಜೋಡಿಸಿ ಬರೆದೆ. ಪ್ರಶಸ್ತಿ ಬರಲಿಲ್ಲ. ಆದರೆ ಆ ಭಾಗವತರ ಬದುಕಿನ ಮೊದಲ ಲಿಖಿತ ದಾಖಲೆ ಅದೇ ಆಗಿತ್ತು. ಅವರು ತೀರಿಕೊಂಡ ಮೇಲೆ ಅವರ ಮೊಮ್ಮಗ ಅದರ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋದ. ನಿಮ್ಮ ಶಾಲೆಯ ಮಕ್ಕಳಿಗೆ ಇಂಥ ಕೆಲಸ ಕೊಡಿ ಎಂದು ಬೇಡಿಕೊಳ್ಳುತ್ತೇನೆ. ತಮ್ಮೂರಿನ ಒಬ್ಬರ ಕುರಿತು ಎಂಟುನೂರು ಪದ, ವಿಶೇಷಣ ಕಡಿಮೆ, ವರ್ಷ ಮತ್ತು ಸಂಗತಿ ಹೆಚ್ಚು.

ಪ್ರಶ್ನೆ: ಕೊಟ್ಟ ಪ್ರಶಸ್ತಿಯನ್ನು ಬೇಡವೆನ್ನುವುದು ದೇಶಕ್ಕೆ ಅಗೌರವವಲ್ಲವೇ? (ಓದುಗರು, ಉಡುಪಿ)

ಉತ್ತರ: ಅಲ್ಲ. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದರು. ಒಬ್ಬರದು ಪ್ರತಿಭಟನೆ, ಇನ್ನೊಬ್ಬರದು ವೈರಾಗ್ಯ. ಇಬ್ಬರೂ ಪ್ರಶಸ್ತಿಯನ್ನು ಹಗುರವಾಗಿ ಕಂಡವರಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಇರುವುದರಿಂದಲೇ ಒಪ್ಪಿಕೊಂಡವರ ಒಪ್ಪಿಗೆಗೂ ಅರ್ಥವಿದೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮೂರ ಕೆರೆಯಲ್ಲಿ ಮುಳುಗುತ್ತಿದ್ದ ಇಬ್ಬರು ಮಕ್ಕಳನ್ನು ಕುರಿ ಕಾಯುವ ಯುವಕನೊಬ್ಬ ಹಾರಿ ಎಳೆದು ತಂದ. ಈಜು ಚೆನ್ನಾಗಿ ಬಾರದವನು. ಊರಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಇಂಥವರಿಗೆ ಸರ್ಕಾರದ ಗೌರವ ಏನಾದರೂ ಇದೆಯೇ? (ಓದುಗರು, ಹಾವೇರಿ)

ಉತ್ತರ: ಇದೆ, ಇಂಥವರಿಗಾಗಿಯೇ ಇದೆ. ನೀರಿನಿಂದ, ಬೆಂಕಿಯಿಂದ, ಅಪಘಾತದಿಂದ, ವಿದ್ಯುತ್ ಆಘಾತದಿಂದ, ಭೂಕುಸಿತದಿಂದ ಇನ್ನೊಬ್ಬರ ಜೀವ ಉಳಿಸಿದವರಿಗೆ 1961ರಿಂದ ಜೀವನ ರಕ್ಷಾ ಪದಕಗಳನ್ನು ಕೊಡಲಾಗುತ್ತಿದೆ. ಸರ್ವೋತ್ತಮ ಜೀವನ ರಕ್ಷಾ ಪದಕ, ಉತ್ತಮ ಜೀವನ ರಕ್ಷಾ ಪದಕ, ಜೀವನ ರಕ್ಷಾ ಪದಕ ಎಂದು ಮೂರು ದರ್ಜೆಗಳಿವೆ. ಜೊತೆಗೆ ಒಂದು ಬಾರಿಯ ನಗದೂ ಉಂಟು. ಸೈನಿಕರು, ಪೊಲೀಸರು, ಅಗ್ನಿಶಾಮಕ ದಳದವರು ತಮ್ಮ ಕರ್ತವ್ಯದ ಹೊರಗೆ ಮಾಡಿದ ಸಾಹಸಕ್ಕೆ ಮಾತ್ರ ಇದನ್ನು ಪಡೆಯಬಹುದು. ಉಳಿದಂತೆ ಇದು ಸಾಮಾನ್ಯ ಜನರ ಪದಕ. ಈ ಮಾತು ನಮ್ಮ ಹಳ್ಳಿಗಳಿಗೆ ಮುಟ್ಟಿಲ್ಲವೆಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಹೆಸರು ರಾಜ್ಯ ಸರ್ಕಾರದ ಮೂಲಕ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ಆದ್ದರಿಂದ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಿ, ತಡಮಾಡಬೇಡಿ. ಮನವಿಯಲ್ಲಿ ಆ ಯುವಕ ಎಷ್ಟು ಒಳ್ಳೆಯವನೆಂದು ಬರೆಯುವುದಕ್ಕಿಂತ ನಡೆದದ್ದನ್ನು ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಕೆರೆಯ ಯಾವ ಏರಿಯ ಕಡೆ, ಅಂದು ನೀರು ಎಷ್ಟು ಆಳವಿತ್ತು, ಮಕ್ಕಳ ವಯಸ್ಸೆಷ್ಟು, ಮೊದಲು ಯಾರನ್ನು ಹೊರತಂದ, ಎರಡನೆಯ ಸಲ ನೀರಿಗೆ ಇಳಿಯುವಾಗ ದಡದಲ್ಲಿ ಯಾರು ಯಾರು ಇದ್ದರು. ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದರೆ ಆ ಚೀಟಿ, ಪೊಲೀಸ್ ಠಾಣೆಯಲ್ಲಿ ಏನಾದರೂ ದಾಖಲಾಗಿದ್ದರೆ ಅದರ ಪ್ರತಿ, ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕು, ಕಂಡವರ ಸಹಿಯುಳ್ಳ ಹೇಳಿಕೆ ಇವನ್ನೆಲ್ಲ ಜೊತೆಗಿಡಿ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೋಡಿದ್ದರೆ ಅವರ ಹೇಳಿಕೆಯನ್ನೂ ಬರೆಸಿಕೊಳ್ಳಿ, ಹೆಬ್ಬೆಟ್ಟು ಒತ್ತಿದರೂ ಸಾಕು. ಎರಡು ಮಳೆಗಾಲ ಕಳೆದರೆ ನೀರಿನ ಆಳ ಯಾರಿಗೂ ನೆನಪಿರುವುದಿಲ್ಲ. ಈ ವಾರವೇ ಕುಳಿತು ಬರೆಯಿರಿ. ಬರೆದ ಮೇಲೆ ಒಂದು ಪ್ರತಿಯನ್ನು ನನಗೂ ಕಳಿಸಿದರೆ, ಎಲ್ಲಿಯಾದರೂ ಸಂಗತಿ ಬಿಟ್ಟುಹೋಗಿದೆಯೇ ಎಂದು ನೋಡಿ ಮರುಟಪಾಲಿನಲ್ಲಿ ತಿಳಿಸುತ್ತೇನೆ.